ಬೋರಲು ಬಾನಿಯ ಸದ್ದು

ನಮ್ಮಪ್ಪ ಬೋರಲು ಹಾಕಿದ ಕಲ್ಲಿನ ಬಾನಿ ಸಿಕ್ಕಿತು! ಹುಣಸೂರಿನಲ್ಲೇ, ಮೊನ್ನೆ ಭಾನುವಾರ, ಮೂವತ್ತು ಜನರ ಕಣ್ಣೆದುರಿಗೆ. ಸಿಕ್ಕಿದ್ದು ನನ್ನಿಂದ. ಹೇಗೆ ಎಂದು ಮಾತ್ರ ಕೇಳಬೇಡಿ, ನನಗೇ ಗೊತ್ತಿಲ್ಲ. ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸತ್ತವರು ಸದ್ದು ಮಾಡುತ್ತಾರೆ ಎಂದರೆ ನಗುತ್ತಿದ್ದವಳು ನಾನು. ಮೈಮೇಲೆ ದೇವರು ಬಂದವರನ್ನು ಕಂಡರೂ, ಪಾಪ ಹಸಿವಿರಬೇಕು ಎನ್ನುತ್ತಿದ್ದೆ.

ಅಪ್ಪ ಹುಣಸೂರಿನ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದ. ಆ ಸುದ್ದಿ ಯಾವತ್ತೂ ಬಾಯಿಬಿಡಲಿಲ್ಲ. ಆದರೆ ಊಟಕ್ಕೆ ಕೂತರೆ ಮೊದಲು ತಟ್ಟೆ ಬೋರಲು ಹಾಕಿ, ಬೆರಳಿನಲ್ಲಿ ಮೂರು ಸಲ ತಟ್ಟಿ, ಆಮೇಲೇ ಬಡಿಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ನನಗೂ ಅದೇ ಅಭ್ಯಾಸವಾಯಿತು. "ತಟ್ಟೆ ತೊಳ್ದಿಲ್ಲ ಅಂತ ಅನ್ಮಾನವಾ ಅತ್ತೆಮ್ಮ?" ಎಂದು ಸೊಸೆಗೆ ದಿನಾ ಮುನಿಸು.

ಮೊಮ್ಮಗಳು ಚೈತ್ರ ಕಾಲೇಜಿನಲ್ಲಿ ಚರಿತ್ರೆ ಓದುತ್ತಾಳೆ. ಜೀತದವರು ದುಡಿದ, ತಿರುಗಿ ನಿಂತ ಜಾಗಗಳನ್ನು ಜನರನ್ನು ನಡೆಸಿಕೊಂಡು ಹೋಗಿ ತೋರಿಸುತ್ತೇನೆ ಎಂದು ಹೊರಟಳು. ಕಂಪಲಾಪುರದ ಮುದುಕರೊಬ್ಬರು ಅವಳಿಗೆ ಹೇಳಿದ್ದರು: ಒಂದು ದಿನ ದನದ ಕಲಗಚ್ಚಿನ ಬಾನಿಗೇ ಜೀತದವರ ಅಂಬಲಿ ಸುರಿದರಂತೆ. ನಮ್ಮಪ್ಪ, ಇನ್ನು ಮೂವರು, ಬಾನಿಯನ್ನೇ ಬೋರಲು ಕೆಡವಿ ಆಚೆ ನಡೆದರಂತೆ. ಬಿದ್ದ ಪೆಟ್ಟಿಗೆ ಅದರ ಒಂದು ಮೂಲೆ ಒಡೆಯಿತಂತೆ. ಆ ಮನೆ ಈಗಿಲ್ಲ, ಎಲ್ಲಿತ್ತೋ ಯಾರಿಗೂ ತಿಳಿಯದು. ಎಲ್ಲಾ ಕಟ್ಟುಕತೆ ಎಂದು ಪೇಟೆಯ ಕೆಲವರು ನಕ್ಕಿದ್ದರು. ನಡಿಗೆಯ ಹಿಂದಿನ ದಿನ ಚೈತ್ರ ಊಟ ಮಾಡದೆ ಅತ್ತಿದ್ದಳು.

ಭಾನುವಾರ ಒಳ್ಳೆ ಬಿಸಿಲು. ಎಂದೂ ಕಾಲಿಡದ ಒಂದು ಗಲ್ಲಿಯಲ್ಲಿ ಎಲ್ಲರ ಹಿಂದೆ ನಾನು. ಟಕ್, ಟಕ್, ಟಕ್. ಅಪ್ಪನ ಬೆರಳು! ನಿಂತುಬಿಟ್ಟೆ.

"ಯಾಕಜ್ಜಿ, ಕಾಲ್ ನೋಯ್ತಾವಾ?" ಚೈತ್ರ ಓಡಿ ಬಂದಳು.

"ಸದ್ದು ಕೇಳ್ನಿಲ್ವಾ ಮಗಾ?"

"ಟೈಲರ್ ಮಿಷಿನ್ ಇರ್ಬೇಕು ಕಣಜ್ಜಿ."

ಟೈಲರು ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿದ್ದ. ಮಿಷಿನ್ ನಿಂತಿತ್ತು. ಮತ್ತೆ ಮೂರು ಸಲ ಸದ್ದಾಯಿತು, ಅವನ ಅಂಗಡಿಯ ಮೆಟ್ಟಿಲುಕಲ್ಲಿನ ಅಡಿಯಿಂದ.

"ಈ ಕಲ್ಲು ಎತ್ರಪ್ಪಾ," ಎಂದೆ.

"ಮೆಟ್ಲು ಕಣವ್ವಾ ಅದು! ಅಡೀಲಿ ಚಿನ್ನ ಐತಾ? ಇದ್ರೆ ಅರ್ಧ ನಂಗೆ," ಎಂದು ನಕ್ಕರೂ ಹಾರೆ ತಂದವನು ಅವನೇ. ಐದು ಜನ ಸೇರಿ ಮಗುಚಿದರು. ಒಳಗೆಲ್ಲಾ ಟೊಳ್ಳು, ಬಾನಿ! ಒಂದು ಮೂಲೆ ಇರಲಿಲ್ಲ. ಚೈತ್ರ ಆ ಒಡೆದ ಮೂಲೆಯನ್ನು ಹಿಡಿದುಕೊಂಡು ಕೂತೇಬಿಟ್ಟಳು.

ಸದ್ದು ಬೇರೆ ಯಾರಿಗೂ ಕೇಳಿಸಿರಲಿಲ್ಲ. ನನ್ನ ಕಿವಿಯೋ, ಎದೆಯೋ, ಅಪ್ಪನೋ, ಇವತ್ತಿಗೂ ಬಗೆಹರಿದಿಲ್ಲ.

ಸಂಜೆ ಮನೆಯವರೆಲ್ಲಾ ಒಟ್ಟಿಗೆ ಕೂತೆವು. ಮುದ್ದೆ, ಅವರೆಕಾಳಿನ ಸಾರು. ಬಡಿಸಲು ಬಂದ ಸೊಸೆ ಸೌಟು ಕೆಳಗಿಟ್ಟು ತಾನೂ ಕೂತಳು, ತಟ್ಟೆ ಬೋರಲು ಹಾಕಿ ಮೂರು ಸಲ ತಟ್ಟಿದಳು. ಆಮೇಲೆ ಚೈತ್ರ, ಮಗ, ಎಲ್ಲರೂ. ನಾನೊಬ್ಬಳೇ ಆವತ್ತು ತಟ್ಟೆಯನ್ನು ನೆಟ್ಟಗೆ ಇಟ್ಟುಕೊಂಡೆ.

"ಇಕ್ಕವ್ವಾ," ಎಂದೆ, "ಹಸಿವಾಯ್ತದೆ."