ತಾರಸಿಯ ಬಿಳಿ ಬಟ್ಟೆ

ಕೆಲಸಕ್ಕೆ ಸೇರಿದ ಮೂರನೇ ದಿನ ಕಾರ್ಖಾನೆಯ ತಾರಸಿಯ ಮೇಲೆ, ಹಗ್ಗಕ್ಕೆ ಕಟ್ಟಿದ್ದ ಒಂದು ಬಿಳಿ ಬಟ್ಟೆ ಕಂಡೆ. ನೌಕರರು ಕೈ ಒರೆಸಿಕೊಳ್ಳಲಿ ಎಂದು ಆಡಳಿತದವರು ಮಾಡಿದ ಏರ್ಪಾಡು ಅಂದುಕೊಂಡೆ. ನನ್ನ ಕೈಗೆ ಗ್ರೀಸ್ ಮೆತ್ತಿತ್ತು. ಒರೆಸಿಕೊಂಡೆ. ಎಂಥ ಒಳ್ಳೆಯ ಕಂಪನಿ ಎಂದು ಮನೆಗೆ ಫೋನನ್ನೂ ಮಾಡಿದೆ.

ಒಂದು ಗಂಟೆಯೊಳಗೆ ಬಾಯ್ಲರ್ ನಿಂತಿತು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬಣ್ಣದ ತೊಟ್ಟಿಗೆ ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಕಲ್ಲಿದ್ದಲು ಬೇಕು. ಕಲ್ಲಿದ್ದಲಿನ ಹೊಗೆ ಮಾತ್ರ ಯಾರಿಗೂ ಬೇಡ. ಅದಕ್ಕೇ ಸ್ಕ್ರಬ್ಬರ್ ಇರುವುದು. ನೋಡಲು ಎರಡು ಮಹಡಿ ಎತ್ತರದ ಉಕ್ಕಿನ ಡಬ್ಬ. ಹೊಗೆ ಅದರ ಕೆಳಗಿನಿಂದ ಏರುತ್ತದೆ. ಮೇಲಿನಿಂದ ಇಪ್ಪತ್ತನಾಲ್ಕು ನಾಜಲ್‌ಗಳು ಸೋಡಾ ಬೆರೆಸಿದ ನೀರನ್ನು ಸಿಂಪಡಿಸುತ್ತವೆ. ಮಸಿ, ಗಂಧಕದ ಘಾಟು ಎಲ್ಲ ನೀರಿನ ಜೊತೆ ಇಳಿದುಹೋಗಿ, ಚಿಮಣಿಯಿಂದ ಬಹುಪಾಲು ಬಿಳಿ ಹಬೆಯಷ್ಟೇ ಹೊರಬೀಳುತ್ತದೆ. ಹೊಗೆಗೆ ಹೀಗೆ ಹತ್ತೊಂಬತ್ತು ವರ್ಷದಿಂದ ನೀರು ಹಾಕುತ್ತಿದ್ದವರನ್ನು ವಾಚ್‌ಮನ್ನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ಸ್ನಾನದ ಮಾವ ಎನ್ನುತ್ತಿದ್ದರು. ಅವರ ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆಯುತ್ತಾರೆಂದು ಕ್ಯಾಂಟೀನಿನಲ್ಲಿ ಸುದ್ದಿ.

ಮಾವ ಮೀಟರುಗಳನ್ನು ನಂಬುತ್ತಿರಲಿಲ್ಲ. ಮೀಟರು ಓದಿ ಪುಸ್ತಕದಲ್ಲಿ ಬರೆಯುವುದೇ ನನ್ನ ಕೆಲಸವಾದ್ದರಿಂದ ನನ್ನನ್ನೂ ನಂಬುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಣ್ಣ ಹಾಕದ ಒಂದು ತುಂಡು ಬಟ್ಟೆಯನ್ನು, ಚಿಮಣಿಯ ಗಾಳಿ ಹೋಗುವ ದಿಕ್ಕು ನೋಡಿ ತಾರಸಿಯ ಮೇಲೆ ಕಟ್ಟುವರು. ಆಗಾಗ ಹತ್ತಿ ನೋಡುವರು. ಅದರ ಮೇಲೆ ಕರಿ ಚುಕ್ಕೆ ಬಿದ್ದಿದ್ದರೆ ಒಳಗೆ ನೀರು ಸರಿಯಾಗಿ ಸಿಡಿಯುತ್ತಿಲ್ಲ ಎಂದು ಅರ್ಥ.

ಆ ದಿನ ಅವರಿಗೆ ದೂರದಿಂದ ಕಪ್ಪು ಕಂಡದ್ದೇ ಸಾಕಾಯಿತು. ಬಾಯ್ಲರ್ ನಿಲ್ಲಿಸಿ ಇಪ್ಪತ್ತನಾಲ್ಕೂ ನಾಜಲ್ ಬಿಚ್ಚಿಸಿದರು. ಒಂದೂ ಕಟ್ಟಿಕೊಂಡಿರಲಿಲ್ಲ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನೇರ ನನ್ನ ಟೇಬಲ್ಲಿಗೆ ಬಂದರು. ನನ್ನ ಬಲಗೈ ಹಿಡಿದು ಕಲೆಯ ಮೇಲಿಟ್ಟರು. ಐದು ಬೆರಳೂ ಅಳತೆಗೆ ಸರಿಹೋದವು.

"ಕೈ ತೊಳ್ಕೊಳ್ಳೋಕೆ ಕೆಳಗೆ ನಲ್ಲಿ ಇದೆ, ಅಳಿಯಂದ್ರೇ," ಎಂದರು.

ಅವರಿಗಿದ್ದ ಒಬ್ಬಳೇ ಮಗಳು ನರ್ಸಿಂಗ್ ಓದುತ್ತಿದ್ದಳು. ಆ ಸಂಬೋಧನೆಯಲ್ಲಿ ಯಾವ ಆಹ್ವಾನವೂ ಇರಲಿಲ್ಲ.

ಕಳೆದ ತಿಂಗಳು ಮಾವನ ನಿವೃತ್ತಿ ಹತ್ತಿರ ಬಂತು. ಮಗಳ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಅಲ್ಲಿಯವರೆಗೆ ಕೆಲಸದಲ್ಲಿ ಮುಂದುವರಿಸಿ ಎಂದು ಅರ್ಜಿ ಕೊಟ್ಟರು. ಒಪ್ಪಿಗೆಯ ಪತ್ರ ಟೈಪಾಗಿ ಮ್ಯಾನೇಜರ್ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿತ್ತು. ಅದೇ ವಾರ ಬಟ್ಟೆಯ ಮೇಲೆ ಚುಕ್ಕೆಗಳು ಬಿದ್ದವು. ಮಾವ ಮೊದಲು ನನ್ನ ಕೈ ನೋಡಿದರು, ಆಮೇಲೆ ನೀರಿನ ಪಂಪು. ಸುಸ್ತಾಗಿದ್ದದ್ದು ಪಂಪು.

"ಒಂದು ದಿನ ಬಾಯ್ಲರ್ ನಿಲ್ಲಿಸ್ಬೇಕು ಸಾರ್," ಎಂದರು ಮ್ಯಾನೇಜರಿಗೆ.

"ಮೊದ್ಲು ಈ ಆರ್ಡರ್ ಮಾಲು ಹೋಗ್ಲಿ ಮಾವ. ಸೋಮವಾರ ನೋಡೋಣ."

"ಬಟ್ಟೆ ಕರಿಯಾಗ್ತಿದೆ."

"ಹಾಗಾದ್ರೆ ಬಟ್ಟೆ ಕಟ್ಟಬೇಡಿ."

ಮಾವ ಮರುದಿನವೂ ಕಟ್ಟಿದರು. ಅದರ ಮರುದಿನವೂ ಕಟ್ಟಿದರು.

ಆ ಮೂರನೇ ದಿನವೇ ಮಾಲಿನ್ಯ ತಪಾಸಣೆಗೆ ಅಧಿಕಾರಿ ಬಂದರು. ಕನ್ನಡಕದ, ಹೆಚ್ಚು ಮಾತಿಲ್ಲದ ಹೆಂಗಸು. ನನ್ನ ಪುಸ್ತಕ ತಿರುವಿದರು. ಅಂಕಿಗಳು ತುಂಬ ಚೆನ್ನಾಗಿದ್ದವು, ಏಕೆಂದರೆ ಮ್ಯಾನೇಜರ್ ಹೇಳಿದಂತೆ ಹಿಂದಿನ ವಾರದ್ದನ್ನೇ ದುಂಡಗೆ ನಕಲು ಮಾಡಿದ್ದೆ. ಬಿ.ಎಸ್ಸಿ. ಮಾಡಿದ್ದು ವ್ಯರ್ಥವಾಗಲಿಲ್ಲ. ಆಮೇಲೆ ಅವರು ತಾರಸಿ ನೋಡಬೇಕೆಂದರು. ಮ್ಯಾನೇಜರ್, ಮಾವ, ನಾನು ಮೂವರೂ ಹಿಂದೆ ಹೋದೆವು.

"ಇದೇನು ಇಷ್ಟೊಂದು ಕಪ್ಪು?" ಎಂದು ಬಟ್ಟೆಯನ್ನು ತೋರಿಸಿದರು.

"ಅದಾ ಮೇಡಂ? ನಮ್ಮ ಹುಡುಗ ಕೈ ಒರೆಸ್ಕೊಂಡಿದ್ದಾನೆ," ಎಂದರು ಮ್ಯಾನೇಜರ್. "ಇವನಿಗೆ ಅದೊಂದು ಕೆಟ್ಟ ಅಭ್ಯಾಸ. ಅಲ್ವೇನಪ್ಪಾ?"

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಲೆಯಾಡಿಸಿದೆ. ಹೌದು ಅಂತಲೂ ಇಲ್ಲ ಅಂತಲೂ ತಿಳಿಯಬಹುದಾದ ಹಾಗೆ ತಲೆಯಾಡಿಸುವುದು ಕಷ್ಟದ ವಿದ್ಯೆ. ಒಂದೂವರೆ ವರ್ಷದ ನೌಕರಿಯಲ್ಲಿ ನಾನು ಸರಿಯಾಗಿ ಕಲಿತದ್ದು ಅದೊಂದೇ.

ಅಧಿಕಾರಿ ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿದರು.

"ಸ್ಕ್ರಬ್ಬರ್ ನೋಡ್ಕೊಳ್ಳೋರು ನೀವಲ್ವಾ? ನೀವೇ ಹೇಳಿ. ಇದು ಇವರ ಕೈಯೋ, ನಿಮ್ಮ ಚಿಮಣಿಯೋ?"

ಮ್ಯಾನೇಜರ್ ಜೇಬಿನಲ್ಲಿದ್ದ ಪೆನ್ನನ್ನು ಒಮ್ಮೆ ಮುಟ್ಟಿಕೊಂಡರು. ಮಾವ ಪೆನ್ನು ನೋಡಿದರು, ಬಟ್ಟೆ ನೋಡಿದರು.

"ಇವನ ಕೈ ಆಗಿದ್ರೆ ಬೆರಳು ಕಾಣ್ತಿತ್ತು ಮೇಡಂ. ಇದು ಚಿಮಣಿದು. ಇವತ್ತಿಗೆ ಮೂರು ದಿನ ಆಯ್ತು."