ಅರ್ಧ ಗೋಡೆಯ ಸುಣ್ಣ

ಹೋದ ತಿಂಗಳು ಮಂಡ್ಯದಲ್ಲಿ ನನ್ನ ಮೊಮ್ಮಗಳು ತನ್ನ ಹೊಸ ಮನೆಯ ಒಂದೇ ಒಂದು ಗೋಡೆಗೆ ಸುಣ್ಣ ಬಳಿಸಿದಳು. ಅವಳು ಅದನ್ನು ಸುಣ್ಣ ಅನ್ನುವುದಿಲ್ಲ, ಲೈಮ್‌ವಾಶ್ ಅನ್ನುತ್ತಾಳೆ. ಮಿಕ್ಕ ಗೋಡೆಗಳಿಗೆಲ್ಲ ನುಣ್ಣನೆಯ ಬಣ್ಣ, ಬಂದವರು ನೋಡಲಿ ಅಂತ ಈ ಒಂದಕ್ಕೆ ಮಾತ್ರ ಸುಣ್ಣ. ಕೆಲಸದವನು ಡಬ್ಬದ ಮುಚ್ಚಳ ಕಿತ್ತು, ನೀರು ಬೆರೆಸಿ, ಕೋಲಿನಿಂದ ಕಲಕಿದಾಗ ಒದ್ದೆ ಸುಣ್ಣದ ಆ ತಣ್ಣನೆಯ, ಸ್ವಲ್ಪ ಖಾರದ ವಾಸನೆ ಮೂಗಿಗೆ ಬಡಿಯಿತು. "ಇದು ನ್ಯಾಚುರಲ್ ಅಜ್ಜಿ, ಗೋಡೆ ಉಸಿರಾಡುತ್ತೆ" ಅಂದಳು ಮೊಮ್ಮಗಳು. ಗೋಡೆಯ ವಿಷಯ ನನಗೆ ಗೊತ್ತಿಲ್ಲ, ನನಗಂತೂ ಒಂದು ಗಳಿಗೆ ಉಸಿರು ಕಟ್ಟಿತು. ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ. ನಿಮ್ಮಲ್ಲಿ ಯಾರಾದರೂ ಸುಣ್ಣದ ಗೋಡೆಗೆ ಒರಗಿ, ಬೆನ್ನೆಲ್ಲ ಬೆಳ್ಳಗೆ ಮಾಡಿಕೊಂಡು, ಅವ್ವನ ಕೈಲಿ ಬೈಸಿಕೊಂಡು ಬೆಳೆದಿದ್ದರೆ ನಾನು ಯಾಕೆ ಕೂತೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರು ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿನ ಕಡೆಗೆ ಹೋಗುವ ಗಾಡಿಜಾಡಿನಲ್ಲಿ, ಶಿಂಷಾ ಹೊಳೆಯ ಮಗ್ಗುಲಿಗಿತ್ತು. ನಾಡಹೆಂಚಿನ ತೊಟ್ಟಿಮನೆ ನಮ್ಮದು. ಬೀದಿಗೆ ಉದ್ದಕ್ಕೂ ಜಗಲಿ, ನಟ್ಟನಡುವೆ ತಲೆಬಾಗಿಲು. ಬಾಗಿಲ ಬಲಕ್ಕೆ ಅಜ್ಜಿಯ ಕೋಣೆ, ಎಡಕ್ಕೆ ಚಿಕ್ಕಪ್ಪ ಚಿಕ್ಕವ್ವನ ಕೋಣೆ. ಅಪ್ಪ, ಅವ್ವ, ನಾನು ಹಿಂದಿನ ಅಂಕಣದಲ್ಲಿ, ರಾಗಿ ತುಂಬಿಡುವ ಮಣ್ಣಿನ ವಾಡೆಗಳ ಜೊತೆ. ಯಜಮಾನಿ ಅಜ್ಜಿ. ಅಪ್ಪ ಮನೆಗೆ ಹಿರಿಮಗನಾದರೂ ಅವಳ ಮುಂದೆ ಎಲೆಯಡಿಕೆ ಹಾಕಿಕೊಳ್ಳಲೂ ಹೆದರುತ್ತಿದ್ದ. ಅವಳ ಮಾತಿಗೆ ಎದುರಾಡುವ ಧೈರ್ಯ ಇದ್ದದ್ದು ಚಿಕ್ಕಪ್ಪನಿಗೆ, ಕಿರಿಮಗ ಅನ್ನುವ ಸಲಿಗೆಯಿಂದ. ಆಮೇಲೆ ಚಿಕ್ಕವ್ವನಿಗೂ ಬಂತು. ಅದು ಸಲಿಗೆಯಿಂದ ಬಂದದ್ದಲ್ಲ.

ಯುಗಾದಿ ಹತ್ತಿರ ಬಂದಂತೆ ಊರೆಲ್ಲ ಸುಣ್ಣದ ವಾಸನೆ. ಗದ್ದೆಯ ನೀರು ಬಸಿದಾಗ, ಹೊಳೆ ಬತ್ತಿದಾಗ ಹೆಂಗಸರು ಮಕ್ಕಳು ಮಂಕರಿಗಟ್ಟಲೆ ಕಪ್ಪೆಚಿಪ್ಪು ಆರಿಸಿ ಇಟ್ಟಿರುತ್ತಿದ್ದರು. ಮಳವಳ್ಳಿ ಕಡೆಯ ಸುಣ್ಣದವರು ಬಂದು ಊರಾಚೆ ಗೂಡು ಹಾಕಿ ಅದನ್ನು ಬೇಯಿಸಿಕೊಡುತ್ತಿದ್ದರು. ಬೆಂದ ಚಿಪ್ಪನ್ನು ಬಾನಿಯಲ್ಲಿ ಹಾಕಿ ನೀರು ಹೊಯ್ದರೆ ಬುಸ್ಸೆಂದು ಹೊಗೆಯೆದ್ದು ಕುದಿಯುತ್ತಿತ್ತು. ಆಗ ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ. ಆರಿದ ಮೇಲೆ ಹಳೆಯ ಸೀರೆಯಲ್ಲಿ ಸೋಸಿ, ಅನ್ನದ ಗಂಜಿ ಬೆರೆಸಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ಗಂಟು ಕಟ್ಟಿ ಅದ್ದಿ ತೆಗೆಯುವುದು ಚಿಕ್ಕವ್ವನ ಕೆಲಸ. ಕತ್ತಾಳೆಯ ಪಟ್ಟೆ ಜಜ್ಜಿ ನಾರು ಬಿಡಿಸಿ ಕುಂಚ ಮಾಡುತ್ತಿದ್ದವಳೂ ಅವಳೇ. ಬಳಿಯುವಾಗ ಸುಣ್ಣ ಕಣ್ಣಿಗೆ ಕಾಣುವುದೇ ಇಲ್ಲ. ಗೋಡೆ ನೀರು ಚೆಲ್ಲಿದ ಹಾಗೆ ಮಂಕಾಗಿ ನಿಲ್ಲುತ್ತದೆ, ಒಣಗುತ್ತಾ ಒಣಗುತ್ತಾ ತಾನಾಗಿ ಬೆಳ್ಳಗಾಗುತ್ತದೆ. ಅಷ್ಟು ಹೊತ್ತು ಕಾಯಲಾರದೆ ಇನ್ನೊಂದು ಸಲ, ಮತ್ತೊಂದು ಸಲ ಬಳಿದವರ ಗೋಡೆ ಮಳೆಗಾಲಕ್ಕೆ ಮುಂಚೆಯೇ ಚಕ್ಕೆಯೇಳುತ್ತಿತ್ತು. ಚಿಕ್ಕವ್ವ ಕಾಯುತ್ತಿದ್ದಳು. ಕೊನೆಗೆ ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣು ಸಾರಿಸಿ, ಅದರ ಮೇಲಂಚಿಗೆ ಬೆರಳಲ್ಲಿ ಸುಣ್ಣದ ಬೊಟ್ಟು ಇಟ್ಟು ಸಾಲು ಬಳ್ಳಿ ಎಳೆಯುತ್ತಿದ್ದಳು. ಇದಕ್ಕೆ ಕಾರಣೆ ಬರೆಯುವುದು ಅನ್ನುತ್ತಿದ್ದೆವು. ಬೀದಿಯ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರು.

ಸಾವಾದ ಮನೆಗೆ ಮಾತ್ರ ವರ್ಷ ತುಂಬಿ ಸೂತಕ ಕಳೆಯುವವರೆಗೆ ಸುಣ್ಣವಿಲ್ಲ, ಕಾರಣೆಯಿಲ್ಲ. ಯುಗಾದಿಯ ದಿನ ಯಾವ ಮನೆಯ ಗೋಡೆ ಮಾಸಿಕೊಂಡಿದೆಯೋ ಆ ಮನೆಯಲ್ಲಿ ಯಾರೋ ಹೋಗಿದ್ದಾರೆ ಅಂತ ಪರವೂರಿನವರಿಗೂ ತಿಳಿಯುತ್ತಿತ್ತು.

ನಾನಿನ್ನೂ ಚಿಕ್ಕವಳಿದ್ದಾಗ ಚಿಕ್ಕಪ್ಪ ಮದ್ದೂರಿನ ಸಂತೆಗೆ ಹೋದವನು ಪಟಾಲಮ್ಮಿಗೆ, ಅಂದರೆ ಬ್ರಿಟಿಷರ ದಂಡಿಗೆ, ಹೆಸರು ಕೊಟ್ಟು ಬಂದ. ಬೂಟಿನ ಆಸೆಗೆ ಹೋದ ಎಂದು ಅಜ್ಜಿ ಎಲ್ಲರ ಮುಂದೆ ಹೇಳುತ್ತಿದ್ದಳು. ಮದುವೆಯಾಗಿ ಒಂದು ಯುಗಾದಿ ಕಳೆದಿತ್ತು, ಅಷ್ಟೇ. ಹಡಗು ಹತ್ತಿಸಿದರಂತೆ, ಸಿಂಗಾಪುರದಲ್ಲಿದ್ದಾನಂತೆ ಎಂಬಲ್ಲಿಗೆ ಸುದ್ದಿ ನಿಂತಿತು. ಸಿಂಗಾಪುರ ಜಪಾನಿನವರ ಕೈಗೆ ಹೋಯಿತು ಅನ್ನುವುದು ಊರಿಗೆ ತಿಳಿದಾಗ ಅಪ್ಪ ಮದ್ದೂರಿಗೂ ಮಂಡ್ಯಕ್ಕೂ ಓಡಾಡಿದ. ಕಚೇರಿಯವರು ಸತ್ತಿದ್ದಾನೆ ಅನ್ನಲಿಲ್ಲ, ಇದ್ದಾನೆ ಅಂತಲೂ ಅನ್ನಲಿಲ್ಲ. ಗೊತ್ತಿಲ್ಲ ಅಂದರು.

ಆ ವರ್ಷ ಹಿರಿಯರ ಹಬ್ಬದಲ್ಲಿ ಅಜ್ಜಿ ಸತ್ತವರ ಹೆಸರಿನಲ್ಲಿ ಎಡೆ ಇಡುವಾಗ ತಾತನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದಳು. ಅದರ ಮೇಲೆ ಎಳ್ಳುಪುಡಿ ತುಂಬಿದ ಕಡುಬು ಇಟ್ಟಳು. ಚಿಕ್ಕಪ್ಪನಿಗೆ ಅದೆಂದರೆ ಜೀವ. ಒಲೆಯ ಮುಂದಿದ್ದ ಚಿಕ್ಕವ್ವ ಎದ್ದು ಬಂದಳು.

"ಅದ್ಯಾರ ಎಲೆ ಅತ್ತೆ?"

"ಯಾರ್ದು ಅಂತ ನಿಂಗೊತ್ತಿಲ್ವಾ? ಸತ್ತಿದ್ರೆ ಅಸ್ಕೊಂಡವ್ನೆ ಕಣೆ ನನ್ ಮಗ. ಎಲ್ಲೋ ನೀರ್ ಪಾಲಾಗಿ ಒಂದ್ ತುತ್ತಿಲ್ದೆ ಅಲೀತಾವ್ನೆ. ಎತ್ತೋಳು ನಾನು ಎಡೆ ಇಡ್ದೆ ಎಂಗಿರ್ಲಿ?"

"ಬದ್ಕಿರೋರ್ಗೆ ಎಡೆ ಇಟ್ರೆ ಅವ್ರ ಆಯಸ್ಸು ಉಳೀತದಾ?"

ಅಜ್ಜಿ ಬಾಯಿ ತೆರೆಯುವ ಮುಂಚೆಯೇ ಚಿಕ್ಕವ್ವ ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಗಂಡಸರು ಉಣ್ಣುವ ಪಡಸಾಲೆಯಲ್ಲಿಟ್ಟು ಮೇಲೊಂದು ಪುಟ್ಟಿ ಮುಚ್ಚಿದಳು. ಹೊಲದಿಂದ ತಡವಾಗಿ ಬರುವವರಿಗೆ ಮುಚ್ಚಿಡುತ್ತಾರಲ್ಲ, ಹಾಗೆ. "ಬಂದ್ಮ್ಯಾಲೆ ಉಣ್ತರೆ" ಅಂದಳು. ಅಪ್ಪ ಇಬ್ಬರ ಮುಖವನ್ನೂ ನೋಡಿ, "ಇಬ್ರು ಯೋಳೋದೂ ಸರೀನೆ, ನಾನ್ ಏನ್ ಮಾಡಾನ" ಎಂದು ಟವೆಲು ಕೊಡವಿಕೊಂಡು ಗದ್ದೆಗೆ ಹೊರಟುಹೋದ. ಅಪ್ಪನ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವನು ಹೇಳಿದ್ದೇ ನಿಜ.

ಮುಂದಿನ ಯುಗಾದಿಗೆ ಅಜ್ಜಿ ಸುಣ್ಣ ಬೇಡ ಅಂದಳು. ಮಗನ ಕರ್ಮ ಆಗಬೇಕು, ಕರ್ಮವಾಗದೆ ಸೂತಕ ಹೋಗುವುದಿಲ್ಲ, ಅಲ್ಲಿಯವರೆಗೆ ನನ್ನ ಮನೆಗೆ ಸುಣ್ಣ ತಾಕಿಸಬೇಡಿ ಎಂಬುದು ಅವಳ ಹಟ. ಕರ್ಮ ಮಾಡುವುದೆಂದರೆ ಚಿಕ್ಕವ್ವ ಬಳೆ ಒಡೆಸಿಕೊಳ್ಳಬೇಕು, ತಾಳಿ ಬಿಚ್ಚಬೇಕು, ಹಣೆ ಒರೆಸಿಕೊಂಡು ಕೋಣೆಯ ಮೂಲೆ ಸೇರಬೇಕು. ಇಪ್ಪತ್ತೂ ತುಂಬದ ಹುಡುಗಿ. ಸುಣ್ಣ ಬಿಟ್ಟರೆ ಗಂಡ ಸತ್ತ ಅಂತ ಬೀದಿಗೆ ತಾನೇ ಸಾರಿ ಹೇಳಿದ ಹಾಗೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ನಿಮ್ ಕಡೀಕೆ ಬ್ಯಾಡ ಅಂದ್ರೆ ಬುಡಿ. ನನ್ ಕ್ವಾಣೆ ಗ್ವಾಡೆಗೆ ನಾನು ಬಳ್ಕತೀನಿ" ಅಂದವಳು ಸೆರಗು ಸಿಕ್ಕಿಸಿ ಬಾನಿ ಹೊರಗೆಳೆದಳು. ತಲೆಬಾಗಿಲ ಎಡಗಡೆಯ ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣು ಸಾರಿಸಿ, ಕಾರಣೆ ಬರೆದು, ಬಾಗಿಲ ಚೌಕಟ್ಟಿಗೆ ಸರಿಯಾಗಿ ನಿಲ್ಲಿಸಿದಳು. ಬಲಗಡೆ ಹೋದ ವರ್ಷದ ಮಾಸಲು ಹಾಗೇ ಇತ್ತು. ಅಜ್ಜಿ ತನ್ನ ಕಡೆಯ ಜಗಲಿಯಲ್ಲಿ ಕೂತು ಅಡಿಕೆ ಕುಟ್ಟುತ್ತಲೇ ಇದ್ದಳು. ಒಂದು ಹನಿ ಕೂಡ ಈಚೆಗೆ ಹಾರದ ಹಾಗೆ ಸೊಸೆ ಕುಂಚ ಆಡಿಸಿದ್ದನ್ನು ನೋಡದಂತೆ ನೋಡಿದಳು.

ಇಂಥ ಮನೆಯನ್ನು ಊರು ಸುಮ್ಮನೆ ಬಿಡುತ್ತದೆಯೇ! "ಏನ್ಲಾ, ನಿಮ್ಮನೇಲಿ ಅರ್ಧ ಜನ ಸತ್ತವ್ರಾ?" ಎಂದು ಕೇರಿಯ ಗಂಡಸರು ಅಪ್ಪನನ್ನು ಕೆಣಕುತ್ತಿದ್ದರು. ಹಬ್ಬಕ್ಕೆ ಬಂದ ನೆಂಟರು ಯಾವ ಕಡೆಯ ಜಗಲಿಯಲ್ಲಿ ಕೂರುವುದೆಂದು ತಿಳಿಯದೆ ಮೆಟ್ಟಿಲಲ್ಲೇ ನಿಲ್ಲುತ್ತಿದ್ದರು. ದುದ್ದದಿಂದ ಚಿಕ್ಕವ್ವನ ಅಣ್ಣ ಗಾಡಿ ಕಟ್ಟಿಕೊಂಡು ಬಂದು ತವರಿಗೆ ಕರೆದ. "ನಾನಿಲ್ದಿದ್ರೆ ಈ ಗ್ವಾಡೆಗೆ ಯಾರ್ ಬಳ್ದಾರು?" ಅಂದಳು, ಹೋಗಲಿಲ್ಲ. ಹಾಗೆಂದು ಅತ್ತೆ ಸೊಸೆ ಕಿತ್ತಾಡಿಕೊಂಡಿದ್ದರು ಅಂದುಕೊಳ್ಳಬೇಡಿ. ಅಜ್ಜಿಗೆ ಸೊಂಟ ಹಿಡಿದಾಗ ಹರಳೆಣ್ಣೆ ಕಾಸಿ ತಿಕ್ಕುತ್ತಿದ್ದವಳು ಚಿಕ್ಕವ್ವ. ಮುದ್ದೆಯ ಜೊತೆ ಬೆಣ್ಣೆ ಹಾಕುವಾಗ ಸೊಸೆಯಂದಿರಲ್ಲಿ ಚಿಕ್ಕವ್ವನಿಗೇ ಒಂದು ಪಾಲು ಜಾಸ್ತಿ ಹಾಕುತ್ತಿದ್ದವಳು ಅಜ್ಜಿ. ಅವ್ವನಿಗೆ ಅದರ ಹೊಟ್ಟೆಯುರಿ ಕೊನೆತನಕ ಹೋಗಲಿಲ್ಲ. ಆ ಒಬ್ಬನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅಜ್ಜಿ ಎಲೆ ಹಾಕುವಳು, ಚಿಕ್ಕವ್ವ ಎತ್ತಿಕೊಂಡು ಹೋಗಿ ಪುಟ್ಟಿ ಮುಚ್ಚುವಳು. ಪ್ರತಿ ಯುಗಾದಿಗೆ ಅರ್ಧ ಗೋಡೆ ಬೆಳ್ಳಗಾಗುವುದು. ಎಡಗಡೆ ಹೊಳೆದಷ್ಟೂ ಬಲಗಡೆ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು.

ಯುದ್ಧ ಮುಗಿಯಿತು. ಮುಗಿದು ಕೆಲವು ತಿಂಗಳಿಗೆ, ಸತ್ತನೆಂದು ಎಲ್ಲರೂ ಕೈಬಿಟ್ಟಿದ್ದ ಮದ್ದೂರಿನವನೊಬ್ಬ ಮೂಳೆಯ ಹಂದರವಾಗಿ ಬಂದು ರೈಲಿಳಿದ ಅನ್ನುವ ಸುದ್ದಿ ಬಂತು. ಅಜ್ಜಿ ಆಗಲೇ ಹಾಸಿಗೆ ಹಿಡಿದಿದ್ದಳು. ಅಪ್ಪ ಆ ಸುದ್ದಿಯನ್ನು ಅವಳ ಕಿವಿಯ ಹತ್ತಿರ ಜೋರಾಗಿ ಹೇಳಿದ. ಮಧ್ಯಾಹ್ನ ಅಜ್ಜಿ, ಗಂಜಿ ಕುಡಿಸಲು ಬಂದ ಚಿಕ್ಕವ್ವನ ಮುಂಗೈ ಹಿಡಿದುಕೊಂಡು, "ಈ ಉಗಾದಿಗೆ ನನ್ ಕಡೀಕೂ ಬಳ್ದ್‌ಬುಡವ್ವ" ಅಂದಳು. ಚಿಕ್ಕವ್ವ ಹೂಂ ಅಂದಳು. ಮಾರನೆಯ ದಿನದಿಂದಲೇ ನನ್ನನ್ನು ಕರೆದುಕೊಂಡು ಹೊಳೆಗೆ ಹೋಗಿ ಚಿಪ್ಪು ಆರಿಸಲು ಶುರುಮಾಡಿದಳು. ಇಡೀ ಗೋಡೆಗಾಗುವಷ್ಟು ಬೇಕಿತ್ತು. ನಾನು ಅಷ್ಟು ಸಂತೋಷವಾಗಿ ಯಾವ ಕೆಲಸವನ್ನೂ ಮಾಡಿದ್ದು ನೆನಪಿಲ್ಲ.

ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಅಜ್ಜಿ ತೀರಿಕೊಂಡಳು. ಸುಣ್ಣ ಬಾನಿಯಲ್ಲಿ ಸೋಸಿ ಸಿದ್ಧವಾಗಿತ್ತು. ಚಿಕ್ಕವ್ವ ಅದರ ಮೇಲೆ ನೀರು ನಿಲ್ಲಿಸಿ ಹಲಗೆ ಮುಚ್ಚಿದಳು. ಪಕ್ಕದ ಮನೆಯವಳು, "ಯಾಕಮ್ಮ, ಅಷ್ಟ್ ವರ್ಸ ಬಳ್ದೋಳು ಈಗ ನಿನ್ ಅರ್ಧಕ್ಕೂ ಬಳ್ಯಲ್ವಾ?" ಎಂದು ಕೇಳಿಯೇ ಕೇಳಿದಳು. "ಇದು ದಿಟವಾದ ಸಾವು ಕಣಮ್ಮ" ಅಂದಳು ಚಿಕ್ಕವ್ವ. ಆ ಯುಗಾದಿಗೆ ಗೋಡೆ ಈ ಕೊನೆಯಿಂದ ಆ ಕೊನೆಗೆ ಮಾಸಿಕೊಂಡೇ ನಿಂತಿತು.

ಹಬ್ಬ ಕಳೆದು ಎರಡು ಮೂರು ದಿನಕ್ಕೆ ನಾನು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಬಿಸಿಲೇರಿತ್ತು. ಖಾಕಿ ಚೀಲ ಹೊತ್ತ ಒಬ್ಬ ಗಂಡಸು ಬೀದಿಯಲ್ಲಿ ಬಂದವನು ನಮ್ಮ ಮನೆಯ ಮುಂದೆ ನಿಂತ. ಕರ್ರಗೆ, ಕೆನ್ನೆ ಒಳಕ್ಕೆ ಹೋಗಿದ್ದವನು. ಮೆಟ್ಟಿಲು ಹತ್ತಲಿಲ್ಲ. ಅಕ್ಕಪಕ್ಕದ ಮನೆಗಳ ಬಿಳಿ ಗೋಡೆ ನೋಡಿದ, ನಮ್ಮ ಗೋಡೆ ನೋಡಿದ. ಚೀಲ ಕೆಳಗಿಳಿಸಿದ.

"ಗ್ವಾಡೆಗೆ ಸುಣ್ಣ ಇಲ್ವಲ್ಲವ್ವ. ಯಾರ್ ಓದ್ರು?"

ನನಗೆ ಗುರುತು ಸಿಗಲಿಲ್ಲ. "ಅಜ್ಜಿ" ಅಂದೆ.

ಆಗ ಅವನ ಮುಖ ಸಡಿಲವಾಯಿತು. ಒಂದೇ ಗಳಿಗೆ. ಸದ್ಯ, ತನ್ನವಳಲ್ಲ ಅನ್ನುವ ಮುಖ. ಆ ವಯಸ್ಸಿನಲ್ಲಿ ನನಗೆ ಅದು ಅರ್ಥವಾಗುವಂಥದ್ದಲ್ಲ, ಆದರೆ ನೋಡಿದ್ದು ನಾನೊಬ್ಬಳೇ. ಮರುಗಳಿಗೆಯಲ್ಲಿ ತನಗೆ ಏನನ್ನಿಸಿತು ಎಂಬುದು ಅವನಿಗೇ ತಿಳಿದಿರಬೇಕು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೀದಿಯ ಮಣ್ಣಿನಲ್ಲಿ ಕುಸಿದು, "ಅವ್ವಾ" ಎಂದು ದನಿ ತೆಗೆದು ಅತ್ತ. ನಾನು ಹೆದರಿ ಎದ್ದು ನಿಂತೆ. ಹಡಗಿಳಿದು ಮದರಾಸಿನಿಂದ ಅವನು ಬರೆಸಿದ್ದ ಕಾಗದ ಅವನು ಬಂದ ಮಾರನೆಯ ವಾರ ನಮ್ಮ ಕೈ ಸೇರಿತು.

ಅಳು ಕೇಳಿ ಚಿಕ್ಕವ್ವ ಕೈಯೆಲ್ಲ ರಾಗಿಹಿಟ್ಟು ಮಾಡಿಕೊಂಡು ಹೊರಗೆ ಬಂದಳು. ಅಷ್ಟು ವರ್ಷ ಯಾರು ಏನೆಂದರೂ ಕಣ್ಣಲ್ಲಿ ನೀರು ಹಾಕದವಳು ಅವಳು. ಅವನನ್ನು ನೋಡಿದಳು. ಅವನ ಬಳಿಗೆ ಓಡಲಿಲ್ಲ, ಕೂಗಲೂ ಇಲ್ಲ. ತಿರುಗಿ ಅಜ್ಜಿಯ ಕೋಣೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಏನೋ ಹೇಳಲು ಹೊರಟವಳು ಅಲ್ಲೇ ನಿಂತು, ಬರಿದಾದ ಆ ಬಾಗಿಲಿಗೆ ಕೈ ಕೊಟ್ಟು, ಎದೆ ಒಡೆಯುವ ಹಾಗೆ ಅತ್ತಳು.

"ಅತ್ತೇ, ನಿಮ್ ಮಗ ಬಂದ್ರಲ್ಲಾ! ಈಗ ಯಾರ್‌ಗೆ ಯೋಳ್ಲಿ ನಾನು?"

ಚಿಕ್ಕಪ್ಪ, ಚಿಕ್ಕವ್ವ ಬಹಳ ವರ್ಷ ಬಾಳಿದರು, ಒಬ್ಬರ ಹಿಂದೊಬ್ಬರು ಹೋದರು. ಅಪ್ಪ, ಅವ್ವ ಅವರಿಗಿಂತ ಮುಂಚೆಯೇ ಹೋಗಿದ್ದರು. ಮನೆ ಇದ್ದ ಜಾಗದಲ್ಲಿ ಈಗ ಯಾರದೋ ತೆಂಗಿನ ಸಸಿಗಳಿವೆ. ಚಿಕ್ಕಪ್ಪನ ಮುಖದಲ್ಲಿ ಆ ದಿನ ನಾನು ಕಂಡದ್ದನ್ನು ಚಿಕ್ಕವ್ವನಿಗೆ ಹೇಳಿದ್ದೆ, ಅವಳೂ ಮುದುಕಿಯಾದ ಮೇಲೆ. ಕೇಳಿ, "ಅತ್ತೆಗೆ ಯೋಳ್ಬ್ಯಾಡ" ಅಂದಳು, ಅತ್ತೆ ಇನ್ನೂ ಒಳಗೆ ಕೂತಿದ್ದಾಳೆ ಅನ್ನುವ ಹಾಗೆ. ನಾನು ಯಾರಿಗೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಆ ಮನೆಯವರು ಒಬ್ಬರೂ ಇಲ್ಲ, ಅದಕ್ಕೇ ನಿಮಗೆ ಹೇಳಿದೆ.