ಚಿಕ್ಕ ಜೇಬಿನ ಪ್ರಶ್ನೆ

ಮಡಕಶಿರದ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಮಕ್ಕಳಿಗೆ ನಾನು ಕೇಳುತ್ತಿದ್ದುದೆಲ್ಲ ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ. ಆಮೇಲೆ ರಾಯದುರ್ಗದಲ್ಲಿ ಕರಿ ಕೋಟು ಹಾಕಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಲೇಬಾರದು ಎಂದು ಸೀನಿಯರ್ ವಕೀಲರು ಅಲ್ಲಿ ಮೊದಲ ದಿನವೇ ಕಲಿಸಿದರು. ಎರಡೂ ಕಡೆ ನಿಂತೇ ಕೇಳುತ್ತಿದ್ದೆ.

ಕೋರ್ಟು ಬಿಟ್ಟು ಅದೇ ಊರಿನಲ್ಲಿ ಯುವಕೇಂದ್ರ ನಡೆಸತೊಡಗಿದಾಗಲೂ ಈ ಚಾಳಿ ಹೋಗಲಿಲ್ಲ. ಜೀನ್ಸ್ ಹೊಲಿಯುವ ಕೆಲಸ ಮುಗಿಸಿ ಸಂಜೆ ಬರುತ್ತಿದ್ದ ಹುಡುಗಿಯರು ಚಾಪೆಯ ಮೇಲೆ ಕೂತು, ನಾನು ನಿಂತು ಕೇಳಿದ್ದಕ್ಕೆಲ್ಲ "ಹೌದ್ರಿ ಸರ್" ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಒಂದು ಸಂಜೆ ಒಬ್ಬಳ ಕೈಯಲ್ಲಿದ್ದ ಪ್ಯಾಂಟಿನ ಮೇಲೆ ಕಣ್ಣು ಬಿತ್ತು. ದೊಡ್ಡ ಜೇಬಿನ ಬಾಯಲ್ಲೇ ಇನ್ನೊಂದು ಚಿಕ್ಕ ಜೇಬು.

"ಇದ್ಯಾಕಮ್ಮ?" ಎಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ.

"ದಿನಾ ಹೊಲೀತೀವ್ರಿ. ಯಾಕಂತ ಗೊತ್ತಿಲ್ಲ."

"ಕೀಲಿ ಇಡಾಕ" ಎಂದಳು ಪಕ್ಕದವಳು. "ಅಡಿಕಿ ಇಡಾಕ" ಎಂದಳು ಮತ್ತೊಬ್ಬಳು. ದೊಡ್ಡ ವಾದವೇ ಎದ್ದಿತು. ಕೊನೆಗೆ ಎಲ್ಲರೂ ತೀರ್ಪಿಗಾಗಿ ನನ್ನ ಕಡೆ ತಿರುಗಿದರು.

"ನನಗೂ ಗೊತ್ತಿಲ್ಲ ಕಣಮ್ಮ" ಎಂದೆ.

ಪ್ಯಾಂಟು ಹಿಡಿದವಳು ನನ್ನನ್ನು ಅರೆಗಳಿಗೆ ನೋಡಿದಳು. ಆಮೇಲೆ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

"ಹಂಗಾದ್ರ ಕುಂದರ್ರಿ ಸರ್."